ಒಂದು ಬೆರಳು ಸೇರಿಸಿ ಹೇಳುತ್ತಿದ್ದ ಕಾಲ

ಹೆರಿಗೆ ವಾರ್ಡಿಗೆ ಸೇರಿದ ಮೊದಲ ವಾರದಲ್ಲೇ ನನಗೆ ಕಲಿಸಿದ ವಿದ್ಯೆ ನರ್ಸಿಂಗ್ ಪುಸ್ತಕದಲ್ಲಿ ಇರಲಿಲ್ಲ. ಡಾಕ್ಟರಿಗೆ ಫೋನ್ ಮಾಡುವಾಗ ಒಂದು ಬೆರಳು ಸೇರಿಸಿ ಹೇಳಬೇಕು ಎಂಬುದೇ ಆ ವಿದ್ಯೆ. ಕಲಿಸಿದವರು ನನಗಿಂತ ಹಿರಿಯ ಸಿಸ್ಟರ್. ಅವರಿಗೆ ಅವರ ಹಿರಿಯರು ಕಲಿಸಿದ್ದರು, ನಾನು ನನ್ನ ನಂತರ ಬಂದವರಿಗೆ ಕಲಿಸಿದೆ. ಈಗ ನಿವೃತ್ತಳಾಗಿ ಮನೆಯಲ್ಲಿ ಕೂತು ಇದನ್ನೆಲ್ಲ ಬರೆಯುತ್ತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗಿಯರು, ಹುಡುಗರು ಆ ವಿದ್ಯೆ ಕಲಿಯುವ ಗತಿ ಇಲ್ಲದೆ ಬಚಾವಾದರಲ್ಲ ಎಂಬ ನೆಮ್ಮದಿಯಲ್ಲೇ ಬರೆಯುತ್ತಿದ್ದೇನೆ.

ಬೆರಳಿನ ಲೆಕ್ಕ ಗೊತ್ತಿಲ್ಲದವರಿಗೆ ಮೊದಲು ಅದನ್ನು ಹೇಳಿಬಿಡುತ್ತೇನೆ. ಹೆರಿಗೆ ನೋವು ಶುರುವಾದ ಮೇಲೆ ಗರ್ಭಕೋಶದ ಬಾಯಿ ನಿಧಾನವಾಗಿ ತೆರೆದುಕೊಳ್ಳುತ್ತದೆ. ಎಷ್ಟು ತೆರೆದಿದೆ ಎಂದು ನರ್ಸು ಗ್ಲೌಸ್ ಹಾಕಿಕೊಂಡು ಬೆರಳಿನಿಂದ ನೋಡುತ್ತಾಳೆ. ನಮ್ಮ ಕಾಲದಲ್ಲಿ ಅದನ್ನು ಬೆರಳಿನ ಲೆಕ್ಕದಲ್ಲೇ ಹೇಳುತ್ತಿದ್ದೆವು. ಎರಡು ಬೆರಳು ಅಂದರೆ ಇನ್ನೂ ಸಮಯವಿದೆ, ನಾಲ್ಕು ಅಂದರೆ ಹತ್ತಿರ ಬಂತು, ಪೂರ್ತಿ ಅಂದರೆ ಮಗು ಬಂದೇಬಿಟ್ಟಿತು. ಈಗಿನವರು ಸೆಂಟಿಮೀಟರಿನಲ್ಲಿ ಹೇಳುತ್ತಾರೆ, ಹತ್ತು ಅಂದರೆ ಪೂರ್ತಿ.

ನಾನು ದುಡಿದದ್ದು ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ. ಹೆಸರು ಬೇಡ. ದೊಡ್ಡ ಆಸ್ಪತ್ರೆ ದಾವಣಗೆರೆಯಲ್ಲಿತ್ತು, ಅದರದೇ ಚಿಕ್ಕ ಹೆರಿಗೆ ಆಸ್ಪತ್ರೆ ಹರಿಹರದಲ್ಲಿತ್ತು. ದಾವಣಗೆರೆಯಲ್ಲಿ ಕೆಲವು ವರ್ಷ ಇದ್ದು ಆಮೇಲೆ ಹರಿಹರಕ್ಕೆ ಬಂದವಳು ಅಲ್ಲೇ ಉಳಿದುಬಿಟ್ಟೆ. ಹೆರುವವರು ಹರಿಹರದಲ್ಲಿ, ಡಾಕ್ಟರು ದಾವಣಗೆರೆಯಲ್ಲಿ. ನಡುವೆ ಲಾರಿಗಳು, ಭತ್ತ ಹೇರಿಕೊಂಡು ತೆವಳುವ ಟ್ರಾಕ್ಟರುಗಳು, ಅದಕ್ಕೂ ಮೊದಲು ದಾವಣಗೆರೆ ಊರೊಳಗಿನ ರೈಲ್ವೆ ಗೇಟು. ಆ ಗೇಟು ಬಿತ್ತೆಂದರೆ ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ. ಡಾಕ್ಟರು ಇಲ್ಲದೆ ಮಗು ಹುಟ್ಟಬಾರದು ಎಂಬುದು ನಮ್ಮ ಆಸ್ಪತ್ರೆಯ ಕಟ್ಟಳೆ. ಹುಟ್ಟಿಬಿಟ್ಟರೆ ಮಗುವನ್ನು ಯಾರೂ ಕೇಳುತ್ತಿರಲಿಲ್ಲ, ಸಿಸ್ಟರನ್ನು ಕೇಳುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಡಾಕ್ಟರನ್ನು ಕರೆದರೆ ಅವರು ಬರುವ ಹೊತ್ತಿಗೆ ಮಗು ಹಾಲು ಕುಡಿಯುತ್ತಿರುತ್ತಿತ್ತು. ಹಾಗಾಗಿ ಒಂದು ಬೆರಳು ಸೇರಿಸುತ್ತಿದ್ದೆವು. ಆ ಬೆರಳು ದಾವಣಗೆರೆಯಿಂದ ಹರಿಹರದವರೆಗಿನ ದಾರಿಯ ಬಾಬ್ತು. ಗೇಟು ಬೀಳುವ ಹೊತ್ತಾದರೆ ಎರಡು.

ನಮಗೆ ನಿಜವಾದ ಅಳತೆ ಗೊತ್ತಿರಲಿಲ್ಲ ಎಂದು ಮಾತ್ರ ತಿಳಿಯಬೇಡಿ. ನಮ್ಮ ತರಬೇತಿಯ ಮೇಟ್ರನ್ ಬಲು ಕಟ್ಟುನಿಟ್ಟಿನವರು. ದಪ್ಪ ರಟ್ಟಿನಲ್ಲಿ ಚಿಕ್ಕದು ದೊಡ್ಡದು ತೂತು ಕೊರೆದು, ಮೇಲೆ ಟವೆಲ್ ಹೊದಿಸಿ, ಕಣ್ಣು ಮುಚ್ಚಿ ಬೆರಳು ಹಾಕಿಸಿ ಎಷ್ಟು ಎಂದು ಕೇಳುತ್ತಿದ್ದರು. ತಪ್ಪಿದರೆ ಅವತ್ತಿನ ಗ್ಲೌಸುಗಳೆಲ್ಲ ನಮ್ಮ ಪಾಲಿಗೆ. ಆಗ ಗ್ಲೌಸನ್ನು ಒಮ್ಮೆ ಹಾಕಿ ಬಿಸಾಡುವ ಪದ್ಧತಿ ಇರಲಿಲ್ಲ. ತೊಳೆದು, ಒಣಗಿಸಿ, ಬಾಯಿಂದ ಊದಿ ಎಲ್ಲಾದರೂ ಗಾಳಿ ಸೋರುತ್ತದೆಯೇ ಎಂದು ಕೆನ್ನೆಗೆ ಹಿಡಿದು ನೋಡಿ, ಪೌಡರ್ ಹಾಕಿ ಆವಿಯಲ್ಲಿ ಶುದ್ಧಿ ಮಾಡಲು ಕಳಿಸಬೇಕು. ಸಂಜೆ ಹಾಸ್ಟೆಲಿಗೆ ಬಂದಾಗ ಮುಖವೆಲ್ಲ ಪೌಡರು. ಗಾಜಿನ ಸಿರಿಂಜು, ಮೊಂಡಾದ ಸೂಜಿ ಕಲ್ಲಿಗೆ ತಿಕ್ಕುವುದು, ಬಿಳಿ ಸೀರೆ ಉಟ್ಟು ತುಂಬಿದ ಬಸ್ಸಿನಲ್ಲಿ ಬಾಗಿಲ ಹತ್ತಿರ ನಿಂತು ಬರುವುದು, ಇವನ್ನೆಲ್ಲ ಈಗ ಹೇಳಿದರೆ ಹುಡುಗಿಯರು ನಾನು ಕಥೆ ಕಟ್ಟುತ್ತಿದ್ದೇನೆ ಎನ್ನುತ್ತಾರೆ. ಇವೆಲ್ಲವನ್ನೂ ಹೇಗೋ ಸಹಿಸಿಕೊಂಡೆವು. ನನಗೆ ಸಹಿಸಲಾಗದೇ ಇದ್ದದ್ದು ಕುರ್ಚಿಯ ವಿಷಯ. ವಾರ್ಡಿನಲ್ಲಿ ಡಾಕ್ಟರು ಇರುವವರೆಗೆ ನರ್ಸು ಕೂರುವಂತಿಲ್ಲ. ಡಾಕ್ಟರು ಕೂರಿ ಎಂದರೂ ಮೇಟ್ರನ್ ಕಣ್ಣು ಬಿಡುತ್ತಿದ್ದರು. ನನ್ನ ಕಾಲಿನ ನರಗಳು ಇವತ್ತಿಗೂ ಆ ಕಥೆ ಹೇಳುತ್ತವೆ.

ಹರಿಹರದಲ್ಲಿ ನನ್ನ ಪಾಲಿಗೆ ಸಿಕ್ಕ ಡಾಕ್ಟರು ಮಹೇಶ್ವರಪ್ಪನವರು. ಒಳ್ಳೆಯ ಕೈ, ಒಳ್ಳೆಯ ಮನಸ್ಸು, ಆದರೆ ಎರಡೂ ಇರುತ್ತಿದ್ದುದು ದಾವಣಗೆರೆಯಲ್ಲಿ. ಮೊದಮೊದಲು ನಾನು ಸೇರಿಸಿ ಹೇಳಿದ್ದನ್ನು ಅವರು ನಂಬಿ ಓಡಿ ಬರುತ್ತಿದ್ದರು. ಒಮ್ಮೆ ಅವರ ತಂಗಿಯ ಮಗಳ ನಿಶ್ಚಿತಾರ್ಥ. ಊಟದ ಹೊತ್ತಿಗೆ ಕೊಂಡಜ್ಜಿ ಊರಿನ ಒಬ್ಬ ಹೆಂಗಸು ನೋವು ತಿನ್ನುತ್ತಿದ್ದಳು. ಗೇಟಿನ ಭಯಕ್ಕೆ ನಾನು ಎರಡು ಬೆರಳು ಸೇರಿಸಿ ಫೋನ್ ಮಾಡಿದೆ. ಅವತ್ತು ಗೇಟು ತೆರೆದಿತ್ತು, ರಸ್ತೆ ಖಾಲಿ ಇತ್ತು. ರೇಷ್ಮೆ ಪಂಚೆಯಲ್ಲಿ, ಹಣೆಯ ಮೇಲೆ ವಿಭೂತಿ ಕುಂಕುಮ, ಎಲೆಯ ಮೇಲಿನ ಹೋಳಿಗೆ ಹಾಗೇ ಬಿಟ್ಟು ಡಾಕ್ಟರು ಬಂದೇಬಿಟ್ಟರು. ಹೆಂಗಸು ಕಿಟಕಿಯ ಹತ್ತಿರ ಕೂತು ತನ್ನ ತಾಯಿಯ ಜೊತೆ ನಗುತ್ತಾ ಮಂಡಕ್ಕಿ ತಿನ್ನುತ್ತಿದ್ದಳು. ಡಾಕ್ಟರು ಅವಳನ್ನೂ ನೋಡಿದರು, ನನ್ನನ್ನೂ ನೋಡಿದರು.

"ಸಿಸ್ಟರ್, ನಿಮ್ಮ ಬೆರಳು ಭಾಳ ದಪ್ಪ ಅದಾವ."

"ಹೊಸ ಗ್ಲೌಸ್ ಬಂದಾವ್ರಿ ಸರ್, ಅವು ದಪ್ಪ."

ಅವರು ಸಂಜೆಯವರೆಗೆ ಕೂತರು. ಆ ಹೆಂಗಸು ತನ್ನ ಮಂಡಕ್ಕಿಯಲ್ಲೇ ಅವರಿಗೂ ಒಂದಿಷ್ಟು ಕೊಟ್ಟಳು. ಅವತ್ತಿನಿಂದ ಡಾಕ್ಟರು ನಾನು ಹೇಳಿದ್ದರಲ್ಲಿ ಸ್ವಲ್ಪ ಕಳೆದು ಲೆಕ್ಕ ಹಾಕತೊಡಗಿದರು. ಅವರು ಕಳೆಯುತ್ತಾರೆ ಎಂದು ತಿಳಿದ ಮೇಲೂ ನಾನು ಸೇರಿಸುವುದನ್ನು ಬಿಡಲಿಲ್ಲ. ಅವರೂ ಕಳೆಯುವುದನ್ನು ಬಿಡಲಿಲ್ಲ. ಒಬ್ಬರ ಆಟ ಇನ್ನೊಬ್ಬರಿಗೆ ಗೊತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಹಾಗೇ ವರ್ಷಗಟ್ಟಲೆ ನಡೆಯಿತು, ಮಕ್ಕಳೂ ಸುಖವಾಗಿ ಹುಟ್ಟಿದವು.

ಡಾಕ್ಟರಿಗೆ ಹೇಳುವುದು ಒಂದಾದರೆ ಉಳಿದವರಿಗೆ ಹೇಳುವುದು ಇನ್ನೊಂದು. ನೋವು ತಿನ್ನುವವಳಿಗೆ "ಆತು ಆತು, ಇನ್ನೇನ್ ಬಂತು ನೋಡು" ಎನ್ನುತ್ತಿದ್ದೆವು. ಬಾಗಿಲ ಹೊರಗೆ ಕಾಯುವ ಅವಳ ತಾಯಿಗೆ "ಇನ್ನೂ ಭಾಳ ಟೈಮ್ ಐತೆ, ಹೋಗಿ ಉಂಡು ಬರ್ರಿ" ಎಂದು ಕಳಿಸುತ್ತಿದ್ದೆವು. ಒಂದೇ ಹೆಂಗಸಿಗೆ ಒಂದೇ ಹೊತ್ತಿನಲ್ಲಿ ಮೂರು ಲೆಕ್ಕ. ನಿಜವಾದದ್ದು ನಮ್ಮ ಬೆರಳಿನ ತುದಿಯಲ್ಲಿ ಮಾತ್ರ. ಇದರ ಫಲ ಏನಾಯಿತೆಂದರೆ ನರ್ಸಿನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಹೊರಗೆ ಕೂತವರು ನಾವು ಉಂಡು ಬನ್ನಿ ಎಂದರೆ ಬಾಗಿಲಿಗೆ ಇನ್ನೂ ಹತ್ತಿರ ಸರಿಯುತ್ತಿದ್ದರು. "ನರಸಮ್ಮ ಹಂಗೇ ಅಂತಾಳ ಬಿಡ್ರಿ" ಎಂಬ ಮಾತು ನನ್ನ ಕಿವಿಗೆ ಬಿದ್ದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು. ಕೆಲಸ ಗೊತ್ತಿದ್ದು ಮಾತಿಗೆ ಬೆಲೆ ಇಲ್ಲದೆ ಇರುವುದು ಬಲು ಕಷ್ಟ. ಬೇರೆ ಏನನ್ನೂ ನಾನು ಅಷ್ಟಾಗಿ ಬಯಸಲಿಲ್ಲ. ನಾನು ಬನ್ನಿ ಎಂದರೆ ಬರಬೇಕು, ಅಷ್ಟೇ ನನ್ನ ಆಸೆ.

ನೇತ್ರಾವತಿ ಬಂದದ್ದು ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ. ಮಲೆಬೆನ್ನೂರಿನ ಹುಡುಗಿ. ಮೊದಲು ನನ್ನ ಕೈಕೆಳಗೆ ಸ್ಟಾಫ್ ನರ್ಸ್ ಆಗಿ ಇದ್ದಳು. ಅವಳಿಗೂ ನಾನು ಬೆರಳು ಸೇರಿಸುವ ಪಾಠ ಮಾಡಿದ್ದೆ, ಅವಳು ತಲೆ ಆಡಿಸಿ ಸುಮ್ಮನಾಗಿದ್ದಳು. ಆಮೇಲೆ ಟ್ರಸ್ಟಿನವರು ಅವಳನ್ನು ಹೆರಿಗೆಯ ನರ್ಸ್ ಪ್ರಾಕ್ಟೀಷನರ್ ತರಬೇತಿಗೆ ಕಳಿಸಿದರು. ಒಂದೂವರೆ ವರ್ಷ ಓದಿ ವಾಪಸ್ಸು ಬಂದವಳ ಜೊತೆ ಹೊಸ ಪದ್ಧತಿಯೂ ಬಂತು. ತೊಂದರೆ ಇಲ್ಲದ ಹೆರಿಗೆಯನ್ನು ಮೊದಲಿನಿಂದ ಕೊನೆಯವರೆಗೆ ಅವಳೇ ನೋಡಿಕೊಳ್ಳುವುದು, ಅವಳೇ ತೀರ್ಮಾನ ಮಾಡುವುದು, ಅವಳೇ ರುಜು ಹಾಕುವುದು. ತೊಂದರೆ ಕಂಡರೆ ಮಾತ್ರ ಡಾಕ್ಟರು.

ಅವಳು ಮಾಡಿದ ಮೊದಲ ಕೆಲಸ ಬಾಗಿಲ ಚಿಲಕ ತೆಗೆಸಿದ್ದು. ಹೆರುವವಳ ಜೊತೆ ತಾಯಿಯೋ ಅತ್ತೆಯೋ ಅಕ್ಕನೋ ಒಬ್ಬರು ಒಳಗೆ ಇರಲಿ ಎಂದಳು. ನೆಲಕ್ಕೆ ಚಾಪೆ ಬಂತು, ಕೂತು ತೂಗಾಡಲು ಒಂದು ದೊಡ್ಡ ರಬ್ಬರ್ ಚೆಂಡು ಬಂತು. "ಇದೇನು ಹೆರಿಗೆ ವಾರ್ಡೋ, ಅಂಗನವಾಡಿಯೋ" ಎಂದು ನಾನು ಕೇಳಿದೆ. ಅವಳು ನಕ್ಕಳು. ಆಮೇಲೆ ಗೋಡೆಗೆ ಒಂದು ಬಿಳಿ ಬೋರ್ಡು ಹಾಕಿಸಿ, ನೋಡಿದ್ದನ್ನೆಲ್ಲ ದೊಡ್ಡದಾಗಿ ಬರೆಯತೊಡಗಿದಳು. ಡಾಕ್ಟರಿಗೂ ಅದೇ ಅಳತೆ, ಹೆರುವವಳಿಗೂ ಅದೇ, ಅವಳ ಅತ್ತೆಗೂ ಅದೇ.

"ಹಿಂಗ ಎಲ್ಲಾರಿಗೂ ಇದ್ದಿದ್ದು ಇದ್ದಂಗ ಹೇಳಿದ್ರೆ ಬದುಕಾಕ ಆಗಲ್ಲ ನೇತ್ರಾ. ಸರ್ ಅದ್ರಾಗೂ ಕಳೀತಾರೆ, ಟೈಮಿಗೆ ಬರಲ್ಲ" ಎಂದೆ.

"ಬರ್ಲಿಲ್ಲಾಂದ್ರೆ ಬ್ಯಾಡ ಬಿಡ್ರಿ ಅಕ್ಕಾರ. ಮಗು ಹಿಡಿಯಾಕ ನಾನ್ ಅದೀನಿ" ಎಂದಳು.

ಹಾಗೇ ಆಯಿತು. ಡಾಕ್ಟರು ಹಳೇ ರೂಢಿಯಂತೆ ಕಳೆದು, ತಡವಾಗಿ ಬಂದರು. ಬರುವ ಹೊತ್ತಿಗೆ ಅವಳು ಹೆರಿಗೆ ಮಾಡಿಸಿ, ತಾಯಿಯ ಎದೆಯ ಮೇಲೆ ಮಗು ಮಲಗಿಸಿ, ಕುರ್ಚಿಯ ಮೇಲೆ ಕೂತು ಬರೆಯುತ್ತಿದ್ದಳು. ಡಾಕ್ಟರನ್ನು ನೋಡಿ ನಮಸ್ಕಾರ ಮಾಡಿದಳು, ಆದರೆ ಕೂತೇ ಮಾಡಿದಳು. ಡಾಕ್ಟರೂ ಇನ್ನೊಂದು ಕುರ್ಚಿ ಎಳೆದು ಕೂತರು. ನಾನೊಬ್ಬಳು ನಿಂತೇ ಇದ್ದೆ.

ಟ್ರಸ್ಟಿನ ಕಾರ್ಯದರ್ಶಿಗಳಿಗೆ ಮಾತ್ರ ಇದು ಅಷ್ಟಾಗಿ ಹಿಡಿಸಿರಲಿಲ್ಲ. ವಾರ್ಡಿಗೆ ಬಂದು ಚೆಂಡನ್ನು ಕಾಲಿನಿಂದ ಒಮ್ಮೆ ಮುಟ್ಟಿ ನೋಡಿ, "ನೋಡಮ್ಮ, ನಡೆಯೋತನಕ ನಡೀಲಿ. ಒಂದು ಕೇಸ್ ಕೆಟ್ರೂ ಮತ್ತೆ ಹಳೇ ಪದ್ಧತಿನೇ" ಎಂದು ಎಚ್ಚರಿಕೆ ಹೇಳಿ ಹೋದರು. ಅವಳ ಒಂದೂವರೆ ವರ್ಷದ ಓದು, ತೆಗೆಸಿದ ಚಿಲಕ, ಬೋರ್ಡು ಎಲ್ಲ ಒಂದು ಕೇಸಿನ ಮೇಲೆ ನಿಂತಿತ್ತು. ಆ ಕೇಸು ಬಂತು.

ಗುತ್ತೂರಿನ ಮಂಜುಳಾ, ಎರಡನೇ ಹೆರಿಗೆ. ಗಂಡ ಫ್ಯಾಕ್ಟರಿಯ ಶಿಫ್ಟಿನಲ್ಲಿ ಇದ್ದ. ಜೊತೆಗೆ ಬಂದವರು ಅತ್ತೆ ಹಾಲಮ್ಮ. ತಾನು ಐದು ಮಕ್ಕಳನ್ನು ಮನೆಯಲ್ಲೇ ಹೆತ್ತವಳು ಎಂದು ಬಂದ ಕೂಡಲೇ ಹೇಳಿದ ಹೆಂಗಸು. ನೇತ್ರಾ ಮಂಜುಳಾಳನ್ನು ಮಲಗಿಸದೆ ವಾರ್ಡಿನಲ್ಲಿ ಓಡಾಡಿಸುವುದನ್ನು ನೋಡಿ ಹಾಲಮ್ಮನಿಗೆ ಬಹಳ ಖುಷಿಯಾಯಿತು. "ನಮ್ಮ ಸೂಲಗಿತ್ತಿನೂ ಹಿಂಗೇ ಅಡ್ಡಾಡಸ್ತಿದ್ಲು. ಇವ್ಳು ಓದಿದ ಸೂಲಗಿತ್ತಿ" ಎಂದು ನನಗೆ ಹೇಳಿದರು. ಬೆಳಗಿನ ಹೊತ್ತು, ಬಿಸಿಲು ಬಾಗಿಲವರೆಗೆ ಬಂದಿತ್ತು. ಮಂಜುಳಾ ಅತ್ತೆಯ ಹೆಗಲು ಹಿಡಿದು ನಡೆಯುತ್ತಿದ್ದವಳು ನಿಂತಳು. ನೀರಿನ ಚೀಲ ಒಡೆದಿತ್ತು.

ನೇತ್ರಾ ಅವಳನ್ನು ಮಲಗಿಸಿ ಮಗುವಿನ ಎದೆಬಡಿತ ಕೇಳಿದಳು. ಟಕಟಕ ಓಡುತ್ತಿದ್ದ ಶಬ್ದ ನಿಧಾನವಾಗಿತ್ತು. ಗ್ಲೌಸ್ ಹಾಕಿ ಒಳಗೆ ಪರೀಕ್ಷೆ ಮಾಡಿದಳು. ಕೈ ಅಲ್ಲೇ ನಿಂತಿತು.

"ಅಕ್ಕಾರ, ಬಳ್ಳಿ ಜಾರೈತೆ. ನಾನು ಕೈ ತೆಗೆಯಂಗಿಲ್ಲ. ಸರ್‌ಗೆ ಫೋನ್ ಹಚ್ರಿ."

ಇದು ನಮ್ಮ ಕೆಲಸದಲ್ಲಿ ಎಲ್ಲರೂ ಹೆದರುವ ಸಂಗತಿ. ಮಗುವಿನ ತಲೆಗಿಂತ ಮೊದಲು ಹೊಕ್ಕುಳಬಳ್ಳಿ ಕೆಳಗೆ ಬಂದುಬಿಡುತ್ತದೆ. ತಲೆ ಒತ್ತಿದಾಗೆಲ್ಲ ಬಳ್ಳಿ ಅಮುಕಿ ಮಗುವಿಗೆ ರಕ್ತ ನಿಲ್ಲುತ್ತದೆ. ಆಪರೇಷನ್ ಮಾಡಿ ಮಗುವನ್ನು ತೆಗೆಯುವವರೆಗೆ ಯಾರಾದರೂ ಬೆರಳಿನಿಂದ ತಲೆಯನ್ನು ಮೇಲಕ್ಕೆ ಎತ್ತಿ ಹಿಡಿದೇ ಇರಬೇಕು. ಗರ್ಭದ ಬಾಯಿ ನಾಲ್ಕು ಸೆಂಟಿಮೀಟರ್ ಮಾತ್ರ ತೆರೆದಿತ್ತು, ನಮ್ಮ ಕಾಲದ ಲೆಕ್ಕದಲ್ಲಿ ಎರಡು ಬೆರಳು. ಸಹಜವಾಗಿ ಹುಟ್ಟುವ ಮಾತೇ ಇಲ್ಲ. ಡಾಕ್ಟರು, ಅರಿವಳಿಕೆಯವರು, ಆಪರೇಷನ್ ಥಿಯೇಟರು ಎಲ್ಲ ಆ ಹೊತ್ತಿನಲ್ಲಿ ದಾವಣಗೆರೆಯಲ್ಲಿ.

ನಾನು ಫೋನ್ ಹಚ್ಚಿದೆ. "ಸರ್, ಹರಿಹರದಿಂದ ಪಾರ್ವತಿ. ಗುತ್ತೂರಿನ ಮಂಜುಳಾ, ಎರಡನೇದು. ನೀರು ಹೋತು, ಬಳ್ಳಿ ಜಾರೈತೆ. ನಾಲ್ಕು ಸೆಂಟಿಮೀಟರ್."

ಆ ಕಡೆ ಒಪಿಡಿಯ ಗದ್ದಲ ಕೇಳುತ್ತಿತ್ತು. "ನಾಲ್ಕೇ? ನೀವು ನಾಲ್ಕು ಅಂದ್ರೆ ಎರಡೋ ಮೂರೋ ಇರ್ತೈತೆ. ಅಷ್ಟ್ರಾಗ ಬಳ್ಳಿ ಎಲ್ಲಿ ಸಿಗ್ತೈತೆ ಸಿಸ್ಟರ್? ನೀರಿನ ಚೀಲದ ಪೊರೆ ಇರಬೇಕು. ಇನ್ನೊಂದ್ಸಲ ನೋಡಾಕ ಹೇಳ್ರಿ. ಒಪಿಡಿ ಮುಗಿಸಿ ಬರ್ತೀನಿ."

ನಾನು ನೇತ್ರಾಳ ಕಡೆ ನೋಡಿದೆ. ಅವಳು ಮಂಚದ ತುದಿಯಲ್ಲಿ ಮಂಡಿಯೂರಿ ಕೂತಿದ್ದಳು, ಕಣ್ಣು ಮಂಜುಳಾಳ ಮುಖದ ಮೇಲಿತ್ತು. ಅವಳು ಡಾಕ್ಟರ ಮಾತು ಕೇಳಿಸಿಕೊಂಡಿರಲಿಲ್ಲ. ಡಾಕ್ಟರನ್ನು ಓಡಿಸಿಕೊಂಡು ಬರುವ ದಾರಿ ನನಗೆ ಚೆನ್ನಾಗಿ ಗೊತ್ತಿತ್ತು. ಪೂರ್ತಿ ಆಗಿದೆ, ತಲೆ ಕಾಣುತ್ತಿದೆ ಎಂದರೆ ಸಾಕು, ಒಪಿಡಿ ಬಿಟ್ಟು ಹೊರಡುತ್ತಿದ್ದರು. ಆದರೆ ಹಾಗೆ ಹೇಳಿದರೆ ಅವರು ಇಲ್ಲೇ ಹೆರಿಗೆ ಮಾಡಿಸಲು ಬರುತ್ತಿದ್ದರು. ಅಲ್ಲಿ ಥಿಯೇಟರು ಸಿದ್ಧವಾಗುತ್ತಿರಲಿಲ್ಲ, ಇಲ್ಲಿಗೆ ಬಂದು ನೋಡಿ ಮತ್ತೆ ಅಲ್ಲಿಗೆ ಹೊರಡುವಷ್ಟರಲ್ಲಿ ಮಗು ಉಳಿಯುತ್ತಿರಲಿಲ್ಲ. ಇಷ್ಟು ವರ್ಷ ನನ್ನ ಕೈ ಹಿಡಿದಿದ್ದ ಸುಳ್ಳು ಅವತ್ತು ಪ್ರಯೋಜನಕ್ಕೆ ಬರುವಂತಿರಲಿಲ್ಲ. ನಿಜವನ್ನೇ ನಂಬಿಸಬೇಕಿತ್ತು, ಅದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

"ಸರ್, ಫೋನ್ ಇಡಬ್ಯಾಡ್ರಿ" ಎಂದೆ. "ಇಷ್ಟು ವರ್ಷ ನಾನು ಸೇರಿಸಿ ಹೇಳ್ತಿದ್ದೆ. ಅದು ನಿಮಗೂ ಗೊತ್ತೈತೆ, ನೀವೂ ಕಳೀತಿದ್ರಿ. ಇವತ್ತು ನಾನು ಸೇರಿಸಿಲ್ಲ, ನೀವು ಕಳೀಬ್ಯಾಡ್ರಿ. ನಾಲ್ಕು ಅಂದ್ರೆ ನಾಲ್ಕು. ಬಳ್ಳಿ ಅಂದ್ರೆ ಬಳ್ಳಿ. ನೇತ್ರಾ ಕೈ ಒಳಗೆ ಐತೆ."

ಆ ಕಡೆ ಯಾರದೋ ಮಗು ಅಳುವುದು, ಯಾರೋ ಚೀಟಿ ಕೇಳುವುದು ನನಗೆ ಕೇಳುತ್ತಿತ್ತು. ಆಮೇಲೆ ಡಾಕ್ಟರು ಬೇರೆಯೇ ದನಿಯಲ್ಲಿ ಮಾತಾಡಿದರು.

"ಆಂಬುಲೆನ್ಸ್ ಹೊರಡಿಸ್ರಿ. ಊರೊಳಗೆ ಬ್ಯಾಡ, ಬೈಪಾಸ್ ಮೇಲೆ ಬರ್ರಿ. ಥಿಯೇಟರ್ ನಾನು ನೋಡ್ಕಂತೀನಿ. ಆ ಹುಡುಗಿಗೆ ಕೈ ತೆಗೀಬ್ಯಾಡ ಅನ್ರಿ."

ಮಂಜುಳಾಳನ್ನು ಎಡಮಗ್ಗುಲಿಗೆ ಮಲಗಿಸಿ, ಸೊಂಟದ ಕೆಳಗೆ ದಿಂಬು ಇಟ್ಟು, ಆಂಬುಲೆನ್ಸಿಗೆ ಹತ್ತಿಸಿದೆವು. ನೇತ್ರಾಳ ಕೈ ಇದ್ದಲ್ಲೇ ಇತ್ತು, ಅವಳು ಸ್ಟ್ರೆಚರಿನ ಜೊತೆಗೇ ಬಗ್ಗಿ ನಡೆದು ಬಗ್ಗಿಯೇ ಹತ್ತಿದಳು. ಹಾಲಮ್ಮ ಇಳಿಯಲು ಒಪ್ಪಲಿಲ್ಲ. ಇಳಿಸುವಷ್ಟು ಹೊತ್ತೂ ನಮಗಿರಲಿಲ್ಲ. ಗಾಡಿ ಹೆದ್ದಾರಿಗೆ ಬಂದ ಮೇಲೆ ಹಾಲಮ್ಮ ನನ್ನ ಮೊಣಕೈ ಹಿಡಿದರು.

"ನರಸಮ್ಮ, ನಿಜ ಹೇಳ್ರಿ. ಕೂಸು ಉಳೀತೈತಾ?"

ಏನೂ ಆಗಲ್ಲ ಬಿಡ್ರಿ ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ನೇತ್ರಾ ತಲೆ ಎತ್ತದೆ ಉತ್ತರ ಕೊಟ್ಟಳು. "ಅಜ್ಜಿ, ಬಳ್ಳಿ ನನ್ನ ಬೆರಳಿಗೆ ಬಡೀತೈತೆ. ಅದು ಬಡಿಯೋತನಕ ಕೂಸು ಜೀವದಿಂದ ಐತೆ. ನಿಂತ್ರೆ ಅದನ್ನೂ ನಿಮಗೆ ಹೇಳ್ತೀನಿ, ಮುಚ್ಚಿಡಲ್ಲ."

ಇಂಥ ಮಾತು ಕೇಳಿ ಮುದುಕಿ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಸುಮ್ಮನೆ ಕೂತು ಸೊಸೆಯ ತಲೆ ತೊಡೆಗೆ ಆನಿಸಿಕೊಂಡರು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು, "ಬಡೀತೈತೇನವ್ವ?" "ಬಡೀತೈತೆ ಅಜ್ಜಿ." ಇನ್ನೂ ಸ್ವಲ್ಪ ದೂರ. "ಬಡೀತೈತಾ?" "ಐತೆ ಅಜ್ಜಿ." ಒಮ್ಮೆ ನೇತ್ರಾ ಉತ್ತರ ಕೊಡಲಿಲ್ಲ, ಬೆರಳು ಸರಿಪಡಿಸಿಕೊಂಡು ಕಣ್ಣು ಮುಚ್ಚಿದಳು. "ನಿಧಾನ ಆಗಿತ್ತು. ಈಗ ಬಡೀತೈತೆ" ಎಂದಳು. ಹಾಲಮ್ಮ ತಲೆ ಆಡಿಸಿದರು. ಅವರು ನಂಬಿದ್ದರು. ಅಷ್ಟು ವರ್ಷದ ಕೆಲಸದಲ್ಲಿ ಒಬ್ಬ ಅತ್ತೆ ಒಬ್ಬ ನರ್ಸಿನ ಮಾತನ್ನು ಹಾಗೆ ನಂಬಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ದಾವಣಗೆರೆಯ ಆಸ್ಪತ್ರೆಯ ಪೋರ್ಟಿಕೋಗೆ ಗಾಡಿ ತಿರುಗಿದಾಗ ಮೆಟ್ಟಿಲ ಮೇಲೆ ಹಸಿರು ಗೌನ್ ತೊಟ್ಟು ಡಾಕ್ಟರು ನಿಂತಿದ್ದರು. ಥಿಯೇಟರಿನ ಡಾಕ್ಟರು ಬಾಗಿಲಿಗೆ ಬಂದು ನಿಲ್ಲುವುದು ರೂಢಿಯಲ್ಲಿಲ್ಲ. ಸ್ಟ್ರೆಚರು ಒಳಗೆ ಓಡಿತು, ಜೊತೆಗೆ ನೇತ್ರಾಳೂ ಬಗ್ಗಿಕೊಂಡೇ ಓಡಿದಳು. ಹೊಟ್ಟೆ ಕುಯ್ದು ಮಗುವನ್ನು ಎತ್ತುವವರೆಗೂ ಹಸಿರು ಬಟ್ಟೆಯ ಕೆಳಗೆ ಅವಳ ಕೈ ಹಾಗೇ ಇತ್ತು. ಮಗು ಮೊದಲು ಸುಮ್ಮನಿತ್ತು, ಆಮೇಲೆ ಬೆಕ್ಕಿನ ಮರಿಯಂತೆ ಸಣ್ಣಗೆ ಕುಂಯ್ ಎಂದಿತು, ಆಮೇಲೆ ಹಾಲಮ್ಮನಿಗೆ ಹೊರಗೆ ಕೇಳುವಷ್ಟು ಜೋರಾಗಿ ಅತ್ತಿತು. ಹೆಣ್ಣು ಕೂಸು.

ನೇತ್ರಾ ಹೊರಗೆ ಬಂದಾಗ ಅವಳ ಬಲಗೈ ಸೆಟೆದು ಬೆರಳು ಮಡಿಸಲು ಆಗುತ್ತಿರಲಿಲ್ಲ. ಹಾಲಮ್ಮ ಅವಳನ್ನು ಪ್ಯಾಸೇಜಿನ ಬೆಂಚಿನ ಮೇಲೆ ಕೂರಿಸಿ, ಆ ಕೈಯನ್ನು ತಮ್ಮ ಎರಡು ಕೈಗಳ ನಡುವೆ ಇಟ್ಟು ತಿಕ್ಕುತ್ತಾ ಕೂತರು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ದುಃಖಕ್ಕಲ್ಲ, ಎಷ್ಟೋ ವರ್ಷದ ಭಾರ ಇಳಿದದ್ದಕ್ಕೆ.

ಡಾಕ್ಟರು ಕೈ ತೊಳೆದು ಬಂದು ನನ್ನ ಪಕ್ಕ ನಿಂತರು.

"ಈಗ ಹೇಳ್ರಿ ಸಿಸ್ಟರ್. ಎಷ್ಟು ಸೇರಿಸ್ತಿದ್ರಿ?"

"ಗೇಟ್ ಬೀಳೋ ಹೊತ್ತಾದ್ರೆ ಎರಡು ಸರ್. ಇಲ್ಲಾಂದ್ರೆ ಒಂದು."

"ನಾನು ಯಾವಾಗ್ಲೂ ಒಂದೂವರೆ ಕಳೀತಿದ್ದೆ" ಎಂದರು. ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇವತ್ತೂ ಕಳೆದು ಕೂತಿದ್ರೆ ಏನ್ ಗತಿ ಆಗ್ತಿತ್ತು?" ಎಂದರು.

ಮಾರನೇ ವಾರ ಕಾರ್ಯದರ್ಶಿಗಳು ವಾರ್ಡಿಗೆ ಬಂದರು. ಚೆಂಡಿನ ಬಗ್ಗೆ ಏನೂ ಅನ್ನಲಿಲ್ಲ. ಅವತ್ತಿನಿಂದ ಡಾಕ್ಟರು ಹರಿಹರದ ಫೋನು ಎಂದರೆ ಎಷ್ಟು ಎಂದು ಕೇಳುವುದನ್ನು ಬಿಟ್ಟು "ಏನ್ ಬೇಕು ಹೇಳ್ರಿ" ಎಂದು ಕೇಳತೊಡಗಿದರು. ನನ್ನ ಬೀಳ್ಕೊಡುಗೆಯ ದಿನ ಮೈಕು ಹಿಡಿದು, "ಸಿಸ್ಟರಿಗೆ ಅರವತ್ತು ಅಂತ ಆಫೀಸಿನವರು ಹೇಳ್ತಾರೆ. ನಾನಂತೂ ಒಂದೂವರೆ ಕಳೆದೇ ನಂಬೋದು" ಎಂದು ಎಲ್ಲರನ್ನೂ ನಗಿಸಿದರು.

ಹೊಸಬರಿಗೆ ಒಂದೆರಡು ಮಾತು ಹೇಳದೆ ಇದ್ದರೆ ಈ ಬರಹ ಹಿರಿಯಳ ಹರಟೆಯಾಗುತ್ತದೆ. ನಿಮ್ಮ ಕೆಲಸ ಹಗುರವಾಗಿದೆ ಎಂದು ನಾನು ಹೇಳುವುದಿಲ್ಲ. ಗ್ಲೌಸು ಊದುವ ಕಷ್ಟ ಹೋಗಿ ಕಂಪ್ಯೂಟರಿಗೆ ತುಂಬುವ ಕಷ್ಟ ಬಂದಿದೆ. ನೇತ್ರಾಳಂಥವರು ಇನ್ನೂ ಬೆರಳೆಣಿಕೆಯಷ್ಟು. ಅವಳು ರಜೆ ಹಾಕಿದರೆ ಬದಲಿಗೆ ಯಾರೂ ಇರುವುದಿಲ್ಲ, ಎಷ್ಟೋ ಜನ ಗುತ್ತಿಗೆಯ ಮೇಲೆ ನಾಳೆ ಏನು ಎಂದು ತಿಳಿಯದೆ ದುಡಿಯುತ್ತಾರೆ. ಈಗಲೂ ಬಂದವರು "ಡಾಕ್ಟರ್ ಎಲ್ಲಿ" ಎಂದು ಅವಳ ತಲೆಯ ಮೇಲಿಂದ ಹುಡುಕುತ್ತಾರೆ. ಇದೆಲ್ಲ ಸರಿಯಾಗಬೇಕು, ಕೇಳಿ ಪಡೆಯಿರಿ. ಊಟದ ಹೊತ್ತಿಗೆ ಊಟ ಮಾಡಿ. ಕುರ್ಚಿ ಇದ್ದರೆ ಕೂರಿ, ಯಾರು ಬಂದರೂ ಕೂತೇ ಮಾತಾಡಿ. ಆದರೆ ನಿಮ್ಮ ತೀರ್ಮಾನದ ಕೆಳಗೆ ನಿಮ್ಮದೇ ಹೆಸರಿದೆ. ಯಾರನ್ನೋ ಓಡಿಸಿಕೊಂಡು ಬರಲು ಸುಳ್ಳು ಹೇಳಬೇಕಾದ ಗತಿ ನಿಮಗಿಲ್ಲ. ಅದು ಎಷ್ಟು ದೊಡ್ಡ ನೆಮ್ಮದಿ ಎಂಬುದು ನಿಮಗೆ ಗೊತ್ತಾಗಲಿಕ್ಕಿಲ್ಲ, ನಮಗೆ ಗೊತ್ತು.

ಈಚೆಗೆ ನನ್ನ ತಂಗಿಯ ಮಗಳು ಸುಮಾ ಹೆರಿಗೆಗೆ ಅದೇ ಆಸ್ಪತ್ರೆಗೆ ಸೇರಿದಳು. ಒಳಗೆ ಅವಳ ಜೊತೆ ನನ್ನ ತಂಗಿ ಇದ್ದಳು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಎಷ್ಟೋ ಸಾವಿರ ತಾಯಂದಿರನ್ನು ಉಂಡು ಬರಲು ಕಳಿಸಿದ ಬಾಗಿಲ ಎದುರು ಮೊದಲ ಸಲ ನಾನೇ ಕೂತಿದ್ದೆ. ಎದುರಿನ ಅಂಗಡಿಯಿಂದ ಕಾಫಿ ತರಿಸಿ ಇನ್ನೂ ಬಾಯಿಗೆ ಇಟ್ಟಿರಲಿಲ್ಲ, ನೇತ್ರಾ ಬಾಗಿಲು ತೆರೆದಳು.

"ಅಕ್ಕಾರ, ಒಂಬತ್ತು ಆಗೈತೆ. ನಿಮ್ಮ ತಂಗಿಗೆ ತಲೆ ತಿರುಗ್ತೈತೆ ಅಂತಾರೆ. ನೀವು ಬರ್ರಿ."

ನನ್ನ ಮನಸ್ಸು ತಾನಾಗೇ ಹಳೇ ಲೆಕ್ಕಕ್ಕೆ ಇಳಿಯಿತು. ಒಂಬತ್ತು ಅನ್ನುತ್ತಾಳೆ, ಅಂದರೆ ಆರೋ ಏಳೋ, ಚೊಚ್ಚಲು ಬೇರೆ, ಕಾಫಿ ಕುಡಿದು ನಿಧಾನವಾಗಿ ಹೋಗಬಹುದು. ಲೋಟ ತುಟಿಯ ಹತ್ತಿರ ಬಂದಿತ್ತು. ಆಗ ನೇತ್ರಾಳ ಮುಖ ನೋಡಿದೆ. ಅವಳು ಅವಸರ ಮಾಡಲಿಲ್ಲ, ಎರಡನೇ ಸಲ ಹೇಳಲೂ ಇಲ್ಲ. ಬಾಗಿಲು ಹಿಡಿದು ನಿಂತಿದ್ದಳು, ಅಷ್ಟೇ.

ಲೋಟವನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದೆ. ಮಗುವಿನ ಅಳು ಕೇಳಿಸಿಕೊಂಡು ವಾಪಸ್ಸು ಬಂದು ಕೂತಾಗ ಕಾಫಿ ಇನ್ನೂ ಬೆಚ್ಚಗಿತ್ತು.